ಮೂರೂವರೆ ವರ್ಷದ ಮಗನಿಗೆ ಹುಳುಕು ಹಲ್ಲು: ಕೊರೆಯದೆ ನಿಲ್ಲಿಸಿದವರು ಇದ್ದೀರಾ?

ಜಮಖಂಡಿಯ ತಾಯಿ:
ಮಗನ ಮೇಲಿನ ನಾಲ್ಕು ಮುಂದಿನ ಹಲ್ಲು ಕಂದು ಬಣ್ಣಕ್ಕೆ ತಿರುಗಿ ಸವೆಯುತ್ತಿವೆ. ಕೆಳಗಿನ ಒಂದು ದವಡೆ ಹಲ್ಲು ತೂತು ಬಿದ್ದಿದೆ. ನೋವು ಅಂತ ಇನ್ನೂ ಹೇಳಿಲ್ಲ. ಒಬ್ಬ ಡಾಕ್ಟರು ಪೂರ್ತಿ ಅರಿವಳಿಕೆ ಕೊಟ್ಟು ಎಲ್ಲ ಹಲ್ಲಿಗೂ ಒಂದೇ ಸಲ ಚಿಕಿತ್ಸೆ ಮಾಡೋಣ ಅಂದರು. ಇನ್ನೊಬ್ಬರು ಹಾಲುಹಲ್ಲು ತಾನೇ, ಬಿಡಿ ಅಂದರು. ಔಷಧಿ ಹಚ್ಚಿದರೆ ಹುಳುಕು ನಿಲ್ಲುತ್ತೆ, ಆದರೆ ಹಲ್ಲು ಕಪ್ಪಾಗುತ್ತೆ ಅಂತ ಕೇಳಿದೆ. ಮಾಡಿಸಿದವರು ದಯವಿಟ್ಟು ಹೇಳಿ.

ಬಾಗಲಕೋಟೆಯಿಂದ:
ತಂಗಿ, ನನ್ನ ಮಗಳದ್ದೂ ಇದೇ ಕಥೆ. "ಬಿಡಿ" ಅನ್ನೋ ಮಾತು ಮಾತ್ರ ಕೇಳಬೇಡಿ. ಮುಂದಿನ ಹಲ್ಲು ಆರೇಳು ವರ್ಷಕ್ಕೆ ಬೀಳುತ್ತವೆ, ನಿಜ. ದವಡೆಯ ಹಾಲುಹಲ್ಲು 10–12 ವರ್ಷದವರೆಗೂ ಇರಬೇಕು. ಅಷ್ಟು ದಿನ ಮಗು ಅದರಲ್ಲೇ ರೊಟ್ಟಿ ಅಗಿಯಬೇಕಲ್ವಾ?

ನೀವು ಕೇಳಿದ ಔಷಧಿ ಸಿಲ್ವರ್ ಡೈಅಮೈನ್ ಫ್ಲೋರೈಡ್. ಎಸ್‌ಡಿಎಫ್ ಅಂತಾರೆ. ಅದರಲ್ಲಿರುವ ಬೆಳ್ಳಿ ಹುಳುಕಿನ ಕ್ರಿಮಿಗಳನ್ನು ಕೊಲ್ಲುತ್ತದೆ, ಫ್ಲೋರೈಡ್ ಮೆತ್ತಗಾದ ಹಲ್ಲನ್ನು ಗಟ್ಟಿ ಮಾಡುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಇದನ್ನು ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿದೆ ಅಂತ ಗೊತ್ತಾದ ಮೇಲೇ ನಮ್ಮ ಮನೆಯವರು ಒಪ್ಪಿದ್ದು.

ಮಗಳು ನನ್ನ ತೊಡೆ ಮೇಲೇ ಮಲಗಿದ್ದಳು. ತುಟಿಗೆ ವ್ಯಾಸಲೀನ್ ಸವರಿದರು. ಹಲ್ಲು ಒರೆಸಿ ಒಣಗಿಸಿ, ಪುಟ್ಟ ಬ್ರಶ್ಶಿನ ತುದಿಯಿಂದ ಹಚ್ಚಿ ಒಂದು ನಿಮಿಷ ಬಿಟ್ಟರು. ಸೂಜಿ ಇಲ್ಲ, ಮಷೀನಿನ ಸದ್ದಿಲ್ಲ. ರುಚಿಗೆ ಮುಖ ಕಿವುಚಿದಳು, ಅಷ್ಟೇ. ಗಲ್ಲಕ್ಕೆ ತಾಗಿದ ಕಲೆ ವಾರದಲ್ಲಿ ಹೋಯಿತು. ಫ್ರಾಕಿನ ಮೇಲಿನದು ಹೋಗಲೇ ಇಲ್ಲ, ಹಳೇ ಬಟ್ಟೆ ಹಾಕಿಕೊಂಡು ಹೋಗಿ.

ಹುಳುಕು ಹಿಡಿದ ಜಾಗ ಕಪ್ಪಾಗುವುದು ಖರೇ. ಒಳ್ಳೆಯ ಹಲ್ಲು ಕಪ್ಪಾಗುವುದಿಲ್ಲ. ನಮ್ಮ ಅತ್ತೆಯವರು ನೋಡಿ ಅತ್ತುಬಿಟ್ಟರು. ಬನಶಂಕರಿ ಜಾತ್ರೆಯಲ್ಲಿ ಸಿಕ್ಕವರೆಲ್ಲ "ಕೂಸಿನ ಹಲ್ಲಿಗೆ ಏನಾತು?" ಅಂತ ಕೇಳಿದರು. ಆದರೆ ಆ ಕಪ್ಪು ಗಟ್ಟಿಯಾಗಿದ್ದರೆ ಹುಳುಕು ನಿಂತಿದೆ ಅಂತ ಅರ್ಥ. ಅತ್ತೆಯವರಿಗೆ ಇದನ್ನು ಡಾಕ್ಟರ ಬಾಯಿಂದಲೇ ಹೇಳಿಸಿದೆ.

ಆರು ತಿಂಗಳಿಗೆ ಮತ್ತೆ ಹಚ್ಚಿಸಬೇಕು. ಎರಡನೇ ಸಲ ಹೋದಾಗ ಒಂದು ಹಲ್ಲು ಇನ್ನೂ ಮೆತ್ತಗೇ ಇತ್ತು. ತಪ್ಪು ನಮ್ಮದೇ. ರಾತ್ರಿ ಬೆಲ್ಲದ ಹಾಲಿನ ಬಾಟಲಿ ಬಿಡಿಸಿರಲಿಲ್ಲ. ನಿದ್ದೆಯಲ್ಲಿ ಜೊಲ್ಲು ಕಡಿಮೆ, ಸಿಹಿ ಹಲ್ಲಿನ ಮೇಲೇ ಉಳಿಯುತ್ತದೆ. ಸಕ್ಕರೆಗಿಂತ ಬೆಲ್ಲ ಒಳ್ಳೆಯದು ಅಂತ ನಮ್ಮ ಕಡೆ ಎಲ್ಲರೂ ನಂಬುತ್ತೇವೆ. ಹಲ್ಲು ಹಾಳು ಮಾಡುವುದರಲ್ಲಿ ಎರಡೂ ಒಂದೇ.

ಇಳಕಲ್ಲಿನಿಂದ:
ನಮ್ಮ ಹುನಗುಂದ ಕಡೆ ಬೋರ್‌ವೆಲ್ ನೀರಿನಲ್ಲೇ ಫ್ಲೋರೈಡ್ ಜಾಸ್ತಿ. ಮೇಲೆ ಮತ್ತೆ ಫ್ಲೋರೈಡಾ ಅಂತ ನಾನೂ ಹೆದರಿದ್ದೆ. ಡಾಕ್ಟರು ಬಿಡಿಸಿ ಹೇಳಿದರು. ಹುಟ್ಟಬೇಕಾದ ಹಲ್ಲು ಒಸಡಿನೊಳಗೆ ಬೆಳೆಯುವಾಗ ಆ ನೀರು ದಿನಾ ಹೊಟ್ಟೆಗೆ ಹೋದರೆ ಹಲ್ಲಿಗೆ ಕಲೆ ಬರುತ್ತದೆ. ವರ್ಷಕ್ಕೆ ಎರಡು ಸಲ ಹಲ್ಲಿನ ಮೇಲೆ ಒಂದು ಹನಿ ಹಚ್ಚುವುದು ಬೇರೆ. ಆದರೂ ಯಾವ ನೀರು ಕುಡಿಯುತ್ತೀರಿ ಅಂತ ಮೊದಲೇ ಹೇಳಿ. ಪೇಸ್ಟು ಮೂರು ವರ್ಷದೊಳಗೆ ಅಕ್ಕಿ ಕಾಳಿನಷ್ಟು, ಆಮೇಲೆ ಬಟಾಣಿಯಷ್ಟು ಸಾಕು. ನೀವೇ ಉಜ್ಜಿಸಿ, ಉಗುಳಿಸಿ.

ಬೆಳಗಾವಿಯಿಂದ:
ಅಕ್ಕಾವ್ರೆ, ತೂತು ಬಿದ್ದ ದವಡೆ ಹಲ್ಲಿಗೆ ಸ್ಟೀಲ್ ಕ್ಯಾಪ್ ಬಗ್ಗೆಯೂ ಕೇಳಿ. ಸ್ಕಾಟ್ಲೆಂಡಿನ ದಂತವೈದ್ಯೆ ನೋರ್ನಾ ಹಾಲ್ ಅವರ ಹೆಸರಿನಿಂದ ಹಾಲ್ ಟೆಕ್ನಿಕ್ ಅಂತಾರೆ. ಹುಳುಕನ್ನು ಕೆರೆಯುವುದಿಲ್ಲ. ಕ್ಯಾಪಿನೊಳಗೆ ಸಿಮೆಂಟ್ ತುಂಬಿ ಹಲ್ಲಿನ ಮೇಲೆ ಒತ್ತಿ ಕೂರಿಸುತ್ತಾರೆ. ಒಳಗೆ ಸಿಕ್ಕಿಬಿದ್ದ ಕ್ರಿಮಿಗಳಿಗೆ ಸಿಹಿ ಸಿಗುವುದಿಲ್ಲ, ಹುಳುಕು ಅಲ್ಲೇ ನಿಲ್ಲುತ್ತದೆ. ನಮ್ಮ ಹುಡುಗನಿಗೆ ಮೊದಲು ಹಲ್ಲುಗಳ ನಡುವೆ ಸಣ್ಣ ರಬ್ಬರ್ ಉಂಗುರ ಇಟ್ಟು ಜಾಗ ಮಾಡಿದ್ದರು. ಕ್ಯಾಪ್ ಹಾಕಿದ ಮೇಲೆ ಕೆಲವು ದಿನ ಕಚ್ಚುವಾಗ ಎತ್ತರ ಅನ್ನಿಸಿತು, ಆಮೇಲೆ ತಾನೇ ಸರಿಹೋಯಿತು.

ಒಂದು ಮಾತು ಮರೀಬೇಡಿ. ರಾತ್ರಿ ನೋವಿಗೆ ಎದ್ದು ಅತ್ತರೆ, ಗಲ್ಲ ಬಾತರೆ, ಒಸಡಿನ ಮೇಲೆ ಕೀವಿನ ಗುಳ್ಳೆ ಕಂಡರೆ ಹುಳುಕು ನರ ಮುಟ್ಟಿರಬಹುದು. ಆಗ ಹಚ್ಚುವ ಔಷಧಿಯೂ ಸಾಲದು, ಈ ಕ್ಯಾಪೂ ಸಾಲದು, ತಡ ಮಾಡಬಾರದು. ಅರಿವಳಿಕೆ ಅಂದ ಡಾಕ್ಟರು ಸುಮ್ನೆ ಹೇಳಿರಲಿಕ್ಕಿಲ್ಲ. ಎಕ್ಸ್‌ರೇ ತೆಗೆಸಿ, ನರ ಮುಟ್ಟಿದೆಯಾ ಅಂತ ಕೇಳಿ. ಬಾಗಲಕೋಟೆ, ವಿಜಯಪುರ, ಬೆಳಗಾವಿ ಮೂರೂ ಕಡೆ ಡೆಂಟಲ್ ಕಾಲೇಜುಗಳಿವೆ, ಮಕ್ಕಳ ಹಲ್ಲಿನ ವಿಭಾಗಕ್ಕೇ ಹೋಗಿ.

ಜಮಖಂಡಿಯ ತಾಯಿ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಸೋಮವಾರ ಬಾಗಲಕೋಟೆಗೆ ಹೊರಟಿದ್ದೇವೆ. ಎಕ್ಸ್‌ರೇ ಆದ ಮೇಲೆ ಬರೆಯುತ್ತೇನೆ. ನಿನ್ನೆ ರಾತ್ರಿ ಬಾಟಲಿ ಕೊಡಲಿಲ್ಲ. ಬಹಳ ಹೊತ್ತು ಅತ್ತ, ಆಮೇಲೆ ಲೋಟದಲ್ಲಿ ನೀರು ಕುಡಿದು ಮಲಗಿದ.