‘ಎರಡು ಒನ್‌ವೇ ತಗೊಳ್ಳಿ’ ಫಾರ್ವರ್ಡ್ ಮೇಲೆ ಮನೆ ಗುಂಪಿನಲ್ಲಿ ಜಟಾಪಟಿ

ಚಿಕ್ಕಪ್ಪ: (ಫಾರ್ವರ್ಡ್) ವಾಪಸ್ ಬರೋ ದಿನ ಗೊತ್ತಿಲ್ವಾ? ರಿಟರ್ನ್ ಟಿಕೆಟ್ ಬೇಡ. ಎರಡು ಒನ್‌ವೇ ತಗೊಳ್ಳಿ, ಯಾವತ್ತೂ ಅದೇ ಅಗ್ಗ. ಎಲ್ಲರಿಗೂ ಕಳಿಸಿ 🙏

ಭಾವ: ಮಾವ, ಆ ‘ಯಾವತ್ತೂ’ನೇ ತಪ್ಪು. ಕಡಿಮೆ ದರದ ಏರ್‌ಲೈನ್‌ಗಳು ಹೋಗೋದಕ್ಕೆ ಬೇರೆ, ಬರೋದಕ್ಕೆ ಬೇರೆ ದರ ಹಾಕ್ತಾರೆ, ಅಲ್ಲಿ ಇದು ನಡೆಯುತ್ತೆ. ಖಂಡ ದಾಟೋ ದೊಡ್ಡ ಏರ್‌ಲೈನ್‌ಗಳಲ್ಲಿ ಎಷ್ಟೋ ಸಲ ಒಂದು ಒನ್‌ವೇನೇ ರಿಟರ್ನ್‌ಗಿಂತ ಜಾಸ್ತಿ.

ಚಿಕ್ಕಪ್ಪ: ದಿನವೇ ಗೊತ್ತಿಲ್ಲದಾಗ ರಿಟರ್ನ್‌ಗೆ ಯಾವ ತಾರೀಖು ಹಾಕ್ತೀರಿ?

ಅಕ್ಕ: ಅಂದಾಜಿಗೆ ಒಂದು ಹಾಕೋದು ಚಿಕ್ಕಪ್ಪ, ಆಮೇಲೆ ಬದಲಾಯಿಸೋದು. ಈಗ ‘ಫ್ರೀ ಡೇಟ್ ಚೇಂಜ್’ ಇರೋ ಟಿಕೆಟ್ ಸಿಗುತ್ತಲ್ಲ.

ಭಾವ: ಫ್ರೀ ಅಂದ್ರೆ ಚೇಂಜ್ ಫೀ ಇಲ್ಲ ಅಷ್ಟೇ ಕಣೆ. ದರದ ವ್ಯತ್ಯಾಸ ಕಟ್ಟಲೇಬೇಕು. ಟಿಕೆಟ್ ಮೇಲೆ ವೈ, ಎಂ, ಎಲ್ ಅಂತ ಒಂದಕ್ಷರ ಇರುತ್ತೆ ನೋಡು, ಅದು ಬುಕಿಂಗ್ ಕ್ಲಾಸ್, ಅಂದ್ರೆ ಒಂದೇ ಥರದ ಸೀಟಿಗೆ ಇರೋ ಬೇರೆ ಬೇರೆ ದರದ ಮಟ್ಟ. ಎಲ್‌ನಲ್ಲಿ ತಗೊಂಡಿದ್ರೆ ಹೊಸ ದಿನದಲ್ಲೂ ಎಲ್ ಉಳಿದಿರಬೇಕು. ಅದು ಮುಗಿದಿದ್ರೆ ಅರ್ಧ ವಿಮಾನ ಖಾಲಿ ಇದ್ರೂ ಮೇಲಿನ ಕ್ಲಾಸಿನ ದರಕ್ಕೇ ಹತ್ತಬೇಕು.

ಅಕ್ಕ: ಗೊತ್ತು ರೀ. ಅದಕ್ಕೇ ಆದಷ್ಟು ಬೇಗದ ತಾರೀಖು ಹಾಕಿ, ಬೇಕಾದ್ರೆ ಮುಂದಕ್ಕೆ ತಳ್ಳೋದು.

ಭಾವ: ಉಲ್ಟಾ. ಮರೆತು ಆ ವಿಮಾನ ಹೊರಟುಹೋದ್ರೆ ನೋ-ಶೋ. ಕೆಲವು ದರಗಳಲ್ಲಿ ದಂಡ, ಅಗ್ಗದವುಗಳಲ್ಲಿ ಟಿಕೆಟ್ಟೇ ಹೋಯ್ತು. ಕೊನೆಗೆ ಯಾವತ್ತು ಬರಬಹುದೋ ಆ ದಿನ ಹಾಕಿ ಹಿಂದಕ್ಕೆ ಎಳ್ಕೊಳ್ಳೋದೇ ಕ್ಷೇಮ.

ತಮ್ಮ: ಭಾವ, ನಾಡಿದ್ದಿಗೆ ಅಂತ ಎಳೆದ್ರೆ ಅಗ್ಗದ ಕ್ಲಾಸ್ ಯಾವುದೂ ಉಳಿದಿರಲ್ಲ. ಎರಡು ಮೂರು ವಾರ ಮುಂಚೆ ತೀರ್ಮಾನ ಮಾಡೋರಿಗೆ ಮಾತ್ರ ನಿಮ್ಮ ಲೆಕ್ಕ. ಇನ್ನೊಂದು, ರಜೆ ಸೀಸನ್ನಿನ ದಿನದಿಂದ ಸಾಧಾರಣ ದಿನಕ್ಕೆ ಬದಲಾಯಿಸಿದ್ರೆ ಉಳಿದ ದುಡ್ಡು ಕೈಗೆ ಬರೋದು ಅಪರೂಪ. ಸಿಕ್ಕಿದ್ರೆ ವೋಚರ್, ಅದಕ್ಕೂ ಅವಧಿ ಇರುತ್ತೆ.

ಅಕ್ಕ: ಹಾಗಾದ್ರೆ ನೀನೇ ಹೇಳು.

ತಮ್ಮ: ಫೇರ್ ರೂಲ್ಸ್, ಅಂದ್ರೆ ಟಿಕೆಟ್ಟಿನ ಷರತ್ತುಗಳನ್ನ ತೆಗೆದು ಎರಡು ಕಡೆ ಓದಬೇಕು. ‘ಪೆನಾಲ್ಟೀಸ್’ನಲ್ಲಿ ಪ್ರಯಾಣ ಶುರುವಾಗೋ ಮುಂಚೆ ಮತ್ತು ಶುರುವಾದ ಮೇಲೆ ಅಂತ ಬೇರೆ ಬೇರೆ ಬರೆದಿರುತ್ತೆ, ನಮಗೆ ಬೇಕಾದ್ದು ಎರಡನೇದು. ಆಮೇಲೆ ‘ಮ್ಯಾಕ್ಸಿಮಮ್ ಸ್ಟೇ’, ಅಂದ್ರೆ ಹೋದ ಮೇಲೆ ಎಷ್ಟರೊಳಗೆ ವಾಪಸ್ ಹೊರಡಬೇಕು ಅನ್ನೋದು. 1 ತಿಂಗಳು, 3 ತಿಂಗಳು, 12 ತಿಂಗಳು, ದರಕ್ಕೆ ತಕ್ಕ ಹಾಗೆ. 3 ತಿಂಗಳ ಟಿಕೆಟ್ಟನ್ನ ನಾಲ್ಕನೇ ತಿಂಗಳಿಗೆ ತಳ್ಳೋಕೆ ಹೋದ್ರೆ ಬರೀ ವ್ಯತ್ಯಾಸದಲ್ಲಿ ಮುಗಿಯಲ್ಲ. ಒಂದೋ ಆಗಲ್ಲ ಅಂತಾರೆ, ಇಲ್ಲಾ ಇಡೀ ಟಿಕೆಟ್ಟಿಗೆ ಹೊಸದಾಗಿ ದರ ಕಟ್ತಾರೆ.

ಚಿಕ್ಕಪ್ಪ: ಇಷ್ಟೆಲ್ಲ ತಲೆಬಿಸಿ ಯಾಕಪ್ಪ? ಒನ್‌ವೇ ತಗೊಂಡ್ರೆ ಮುಗೀತು.

ಅಕ್ಕ: ವಿಸಿಟ್ ವೀಸಾದಲ್ಲಿ ಹೋಗೋರಿಗೆ ಮುಗಿಯಲ್ಲ. ಚೆಕ್-ಇನ್ ಕೌಂಟರಿನವರು ದೇಶದೇಶದ ಪ್ರವೇಶ ನಿಯಮಗಳಿರೋ ಡೇಟಾಬೇಸ್ ಆದ ಟಿಮ್ಯಾಟಿಕ್‌ನಲ್ಲಿ ಆ ದೇಶದ ನಿಯಮ ನೋಡ್ತಾರೆ. ಅಲ್ಲಿ ವಾಪಸ್ ಟಿಕೆಟ್ ಬೇಕು ಅಂತಿದ್ರೆ ಹತ್ತಿಸಲ್ಲ. ಅಲ್ಲಿಂದ ತಿರುಗಿ ಕಳಿಸಿದ್ರೆ ಕರ್ಕೊಂಡು ಬರೋ ಹೊಣೆ ಏರ್‌ಲೈನ್ ತಲೆಗೇ ಬರುತ್ತಲ್ಲ.

ಚಿಕ್ಕಪ್ಪ: ಸರಿ, ಹೋಗೋಕೆ ಒನ್‌ವೇ ಇದೆ ಅಂದ್ಕೊಳ್ಳಿ. ಬರೋಕೆ ಒನ್‌ವೇ ದುಬಾರಿ ಆದ್ರೆ, ಅಗ್ಗದ ರಿಟರ್ನ್ ತಗೊಂಡು ಎರಡನೇ ಅರ್ಧ ಮಾತ್ರ ಬಳಸಿದ್ರೆ?

ಭಾವ: ಆಗಲ್ಲ ಮಾವ. ಮೊದಲನೇ ವಿಮಾನ ಹತ್ತದಿದ್ರೆ ಸಾಮಾನ್ಯವಾಗಿ ಮುಂದಿನದೆಲ್ಲ ತಾನಾಗೇ ರದ್ದು.

ತಮ್ಮ: ಚಿಕ್ಕಪ್ಪನ ಫಾರ್ವರ್ಡ್ ಒಂದು ಕಡೆ ಸರಿ. ವಿಮಾನದಲ್ಲಿ ಓಡಾಡಿ ಗಳಿಸೋ ಪಾಯಿಂಟ್ಸ್, ಅಂದ್ರೆ ಮೈಲ್ಸ್‌ನಲ್ಲಿ ತಗೊಳ್ಳೋ ಟಿಕೆಟ್ ಬಹುಪಾಲು ಕಡೆ ಒನ್‌ವೇ ಲೆಕ್ಕದಲ್ಲೇ ಸಿಗುತ್ತೆ, ರದ್ದು ಮಾಡಿದ್ರೆ ಸಣ್ಣ ಶುಲ್ಕ ಹಿಡ್ಕೊಂಡು ಮೈಲ್ಸ್ ವಾಪಸ್ ಹಾಕೋ ಏರ್‌ಲೈನ್‌ಗಳೂ ಇವೆ. ಬರೋದಕ್ಕೆ ಅದನ್ನ ಇಟ್ಕೊಳ್ಳೋದು ಒಳ್ಳೇದು.

ಚಿಕ್ಕಪ್ಪ: ನೋಡಿದ್ಯಾ! 😄

ಅಕ್ಕ: ‘ಯಾವತ್ತೂ’ ಅಂತ ಇದ್ದದ್ದು ‘ಒಂದು ಕಡೆ’ಗೆ ಇಳೀತು ಚಿಕ್ಕಪ್ಪ.

ಭಾವ: ಎಲ್ಲಿ ಬುಕ್ ಮಾಡ್ತೀವಿ ಅನ್ನೋದೂ ಮುಖ್ಯ. ಮಧ್ಯದ ವೆಬ್‌ಸೈಟಿನಲ್ಲಿ ತಗೊಂಡ್ರೆ ತಾರೀಖು ಬದಲಾಯಿಸುವಾಗ ಏರ್‌ಲೈನ್‌ನವರು ‘ಏಜೆಂಟ್‌ನ ಕೇಳಿ’ ಅಂತಾರೆ, ಏಜೆಂಟ್ ತನ್ನದೊಂದು ಶುಲ್ಕ ಸೇರಿಸ್ತಾನೆ. ದಿನ ಗಟ್ಟಿ ಇಲ್ಲದ ಪ್ರಯಾಣಕ್ಕೆ ನೇರವಾಗಿ ಏರ್‌ಲೈನ್ ಹತ್ರಾನೇ ತಗೊಳ್ಳಿ, ನಾಲ್ಕು ಕಾಸು ಜಾಸ್ತಿ ಆದ್ರೂ.

ತಮ್ಮ: ಬದಲಾಯಿಸಿದ ಮೇಲೆ ಟಿಕೆಟ್ ರೀಇಶ್ಯೂ ಆಗಿದ್ಯಾ, ಅಂದ್ರೆ ಹೊಸದಾಗಿ ಮಾಡಿಕೊಟ್ಟಿದ್ದಾರಾ ಅಂತಲೂ ನೋಡ್ಕೋಬೇಕು. ಪಿಎನ್‌ಆರ್‌ನಲ್ಲಿ ಹೊಸ ತಾರೀಖು ಕಾಣಿಸಿದ್ರೆ ಸಾಲದು. ರೀಇಶ್ಯೂ ಆದ್ರೆ 13 ಅಂಕಿಯ ಇ-ಟಿಕೆಟ್ ನಂಬರೂ ಹೊಸದು ಬರುತ್ತೆ. ಬುಕಿಂಗ್ ಮಾತ್ರ ಬದಲಾಗಿ ಟಿಕೆಟ್ ಹಳೇದೇ ಉಳಿದಿದ್ರೆ ಚೆಕ್-ಇನ್ ಆಗಲ್ಲ. ದುಡ್ಡು ಕೊಟ್ಟು ಆರಿಸಿದ ಸೀಟು, ಹೆಚ್ಚುವರಿ ಲಗೇಜು ಹೊಸ ವಿಮಾನಕ್ಕೆ ಬಂದಿದ್ಯಾ ಅಂತ ಆಗಲೇ ನೋಡಿ.

ಚಿಕ್ಕಪ್ಪ: ಟ್ರಾವೆಲ್ ಇನ್ಶೂರೆನ್ಸ್?

ಭಾವ: ಪಾಲಿಸಿ ಮುಗಿಯೋ ಮುಂಚೆಯೇ ಮುಂದುವರಿಸಿ ಅಂತ ಕೇಳಬೇಕು ಮಾವ. ಮುಗಿದ ಮೇಲೆ ಕೇಳಿದ್ರೆ ಸಾಮಾನ್ಯವಾಗಿ ಒಪ್ಪಲ್ಲ. ವೀಸಾದ ದಿನಗಳನ್ನೂ ಅದರ ಜೊತೆಗೇ ಎಣಿಸಿ.