ಶಾರ್ಟ್‌ವೇವ್ ರಿಸೀವರಿನಲ್ಲಿ ಬರೀ ಗೊರಗೊರ ಸದ್ದು: ದೋಷ ಎಲ್ಲಿರಬಹುದು?

ಪ್ರಶ್ನೆ:
ಶಾರ್ಟ್‌ವೇವ್ ಪ್ರಸಾರಗಳನ್ನೂ ಹ್ಯಾಮ್‌ಗಳ (ಹವ್ಯಾಸಿ ರೇಡಿಯೊ ಬಳಕೆದಾರರ) ಮಾತುಕತೆಯನ್ನೂ ಕೇಳಬೇಕೆಂಬ ಬಹುದಿನಗಳ ಆಸೆಯಿಂದ, ಅವರು ಬಳಸುವ ಎಸ್‌ಎಸ್‌ಬಿ ಎಂಬ ಪ್ರಸಾರ ವಿಧಾನವನ್ನು ಹಿಡಿಯುವ ಸೌಲಭ್ಯವಿರುವ ಸಣ್ಣ ರಿಸೀವರೊಂದನ್ನು ಎರಡು ತಿಂಗಳ ಹಿಂದೆ ಕೊಂಡಿದ್ದೇನೆ. ಅದನ್ನು ಮೇಜಿನ ಮೇಲಿಟ್ಟು, ಕಡ್ಡಿ ಆಂಟೆನಾವನ್ನು ಪೂರ್ತಿ ಎಳೆದು, ಮಧ್ಯಾಹ್ನದ ಹೊತ್ತು 7 ಮೆಗಾಹರ್ಟ್ಸ್ ಸುತ್ತಮುತ್ತ ಎಷ್ಟು ತಿರುಗಿಸಿದರೂ ಒಂದೇ ಸಮನೆ ಗೊರಗೊರ ಸದ್ದು ಬರುತ್ತದೆಯೇ ಹೊರತು ಬೇರೇನೂ ಕೇಳಿಸುವುದಿಲ್ಲ. ರಾತ್ರಿ ಎರಡು ಮೂರು ದೊಡ್ಡ ಕೇಂದ್ರಗಳು ಸಿಗುತ್ತವೆ. 7ರಿಂದ 7.2 ಮೆಗಾಹರ್ಟ್ಸ್ ನಡುವೆ ಮನುಷ್ಯರ ದನಿಯೂ ಕೇಳುತ್ತದೆ. ಆದರೆ ಬಾಯಿಗೆ ಬಟ್ಟೆ ತುರುಕಿಕೊಂಡು ಮಾತನಾಡಿದಂತಿರುವ ಆ ದನಿಯಲ್ಲಿ ಒಂದು ಪದವನ್ನೂ ಬಿಡಿಸಿಕೊಳ್ಳಲಾಗುತ್ತಿಲ್ಲ. ರಿಸೀವರಿನಲ್ಲೇ ದೋಷವಿದೆಯೇ, ಅಥವಾ ಪರಿಚಿತರೊಬ್ಬರು ಹೇಳಿದಂತೆ 30 ಮೀಟರ್ ತಂತಿ ಕಟ್ಟಿದರೆ ಸರಿಹೋಗುತ್ತದೆಯೇ? ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ 1:
ರಾತ್ರಿ ಕೇಂದ್ರಗಳು ಸಿಗುತ್ತಿವೆ ಎಂದಮೇಲೆ ರಿಸೀವರ್ ಚೆನ್ನಾಗಿಯೇ ಇದೆ. ತಾವು ಕೇಳುತ್ತಿರುವ ಗೊರಗೊರ ಸದ್ದು ಬಹುಮಟ್ಟಿಗೆ ಮನೆಯೊಳಗೇ ಹುಟ್ಟುತ್ತಿರಬೇಕು. ಮೊಬೈಲ್ ಚಾರ್ಜರ್, ಎಲ್‌ಇಡಿ ದೀಪ, ಲ್ಯಾಪ್‌ಟಾಪಿನ ಅಡಾಪ್ಟರ್ ಇವೆಲ್ಲವುಗಳ ಒಳಗಿನ ವಿದ್ಯುತ್ ಮಂಡಲವು ಸೆಕೆಂಡಿಗೆ ಸಾವಿರಾರು ಬಾರಿ ಆರಿ ಹೊತ್ತುತ್ತಿರುತ್ತದೆ, ಅದರಿಂದ ಏಳುವ ಗದ್ದಲ ಶಾರ್ಟ್‌ವೇವ್ ಉದ್ದಕ್ಕೂ ಹರಡುತ್ತದೆ. ರಿಸೀವರನ್ನು ಬ್ಯಾಟರಿಯಲ್ಲಿ ನಡೆಸುತ್ತಾ ಮನೆಯ ಮುಖ್ಯ ಸ್ವಿಚ್ಚನ್ನು ಒಮ್ಮೆ ಆರಿಸಿ ನೋಡಿ. ಸದ್ದು ತಟ್ಟನೆ ಇಳಿದರೆ, ಒಂದೊಂದೇ ಉಪಕರಣವನ್ನು ಮತ್ತೆ ಹಚ್ಚುತ್ತಾ ಹೋದಂತೆ ಕಾರಣ ತಾನಾಗಿಯೇ ಸಿಕ್ಕಿಬೀಳುತ್ತದೆ.

ಇನ್ನು ಹೊತ್ತಿನ ವಿಚಾರ. ಹಗಲಿನಲ್ಲಿ ಅಯಾನುಗೋಳದ (ವಾತಾವರಣದ ಮೇಲ್ಭಾಗದ ವಿದ್ಯುದಾವೇಶಿತ ವಲಯದ) ಕೆಳಪದರವಾದ ಡಿ ಪದರವು ಕೆಳಗಿನ ಕಂಪನಾಂಕಗಳನ್ನು ಹೀರಿಕೊಳ್ಳುವುದರಿಂದ 7 ಮೆಗಾಹರ್ಟ್ಸ್‌ನಲ್ಲಿ ದೂರದ ಕೇಂದ್ರಗಳು ಸಿಗುವುದು ಕಷ್ಟ. ಸೂರ್ಯ ಮುಳುಗಿದ ಮೇಲೆ ಆ ಪದರ ಕರಗುತ್ತದೆ, ಇನ್ನೂ ಮೇಲಿರುವ ಎಫ್ ಪದರವು ತರಂಗಗಳನ್ನು ಬಾಗಿಸಿ ಸಾವಿರಾರು ಕಿಲೋಮೀಟರ್ ಆಚೆ ಇಳಿಸುತ್ತದೆ. ಆದ್ದರಿಂದ ಮಧ್ಯಾಹ್ನ 15 ಅಥವಾ 17 ಮೆಗಾಹರ್ಟ್ಸ್ ಕಡೆ ಹುಡುಕಿ, 6 ಮತ್ತು 7 ಮೆಗಾಹರ್ಟ್ಸ್‌ಗಳನ್ನು ರಾತ್ರಿಗೆ ಇಟ್ಟುಕೊಳ್ಳಿ.

ಉತ್ತರ 2:
ಬಟ್ಟೆ ತುರುಕಿದಂತಹ ದನಿಗೆ ಕಾರಣ ಬೇರೆ. ಸಾಮಾನ್ಯ ಎಎಂ ಪ್ರಸಾರದಲ್ಲಿ ದನಿಯನ್ನು ಹೊತ್ತೊಯ್ಯುವ ವಾಹಕ ತರಂಗವೂ ಅದರ ಎರಡು ಪಕ್ಕಗಳಲ್ಲಿ ಒಂದೇ ಮಾತಿನ ಎರಡು ಪಡಿಯಚ್ಚುಗಳೂ ಇರುತ್ತವೆ. ಹ್ಯಾಮ್‌ಗಳು ಶಕ್ತಿಯನ್ನೂ ಜಾಗವನ್ನೂ ಉಳಿಸಲೆಂದು ವಾಹಕವನ್ನು ಅಡಗಿಸಿ, ಒಂದೇ ಪಕ್ಕವನ್ನು ಕಳಿಸುತ್ತಾರೆ. ಅದೇ ಎಸ್‌ಎಸ್‌ಬಿ. ಕಾಣೆಯಾದ ವಾಹಕವನ್ನು ನಿಮ್ಮ ರಿಸೀವರೇ ಒದಗಿಸಬೇಕಾಗುತ್ತದೆ, ಮತ್ತು ಅದು 100 ಹರ್ಟ್ಸ್‌ನಷ್ಟು ಆಚೀಚೆಯಾದರೂ ದನಿ ವಿಕಾರವಾಗುತ್ತದೆ. ಎಸ್‌ಎಸ್‌ಬಿ ಗುಂಡಿಯನ್ನು ಒತ್ತಿ, 10 ಮೆಗಾಹರ್ಟ್ಸ್‌ಗಿಂತ ಕೆಳಗೆ ಎಲ್‌ಎಸ್‌ಬಿಯನ್ನೂ (ಕೆಳಪಕ್ಕ) ಮೇಲೆ ಯುಎಸ್‌ಬಿಯನ್ನೂ (ಮೇಲ್ಪಕ್ಕ) ಆರಿಸಿಕೊಂಡು (5 ಮೆಗಾಹರ್ಟ್ಸ್ ಪಟ್ಟಿಯಲ್ಲಿ ಮಾತ್ರ ಯುಎಸ್‌ಬಿಯೇ ರೂಢಿ), ಸೂಕ್ಷ್ಮ ಶ್ರುತಿಯ ಗಾಲಿಯನ್ನು ಕೂದಲೆಳೆಯಷ್ಟೇ ತಿರುಗಿಸುತ್ತಾ ಬನ್ನಿ. ತಂಬೂರಿಯ ಶ್ರುತಿ ಸೇರುವಂತೆ, ಯಾವುದೋ ಒಂದು ಬಿಂದುವಿನಲ್ಲಿ ದನಿ ಸಹಜವಾಗಿ ಕೂಡಿಬರುತ್ತದೆ. ಆ ಗಳಿಗೆಯ ಸಂತೋಷವೇ ನನ್ನನ್ನು ಈ ಹವ್ಯಾಸದಲ್ಲಿ ಇಷ್ಟು ವರ್ಷ ಹಿಡಿದಿಟ್ಟಿದೆ.

ರಿಸೀವರ್ ತೋರಿಸುವ ಕಂಪನಾಂಕದ ಅಂಕೆ ಎಷ್ಟು ನಿಖರವೆಂದು ತಿಳಿಯಲು 10 ಮೆಗಾಹರ್ಟ್ಸ್‌ನ ಸಮಯ ಸೂಚಕ ಕೇಂದ್ರಗಳನ್ನು ಬಳಸಿಕೊಳ್ಳಬಹುದು. ಅಮೆರಿಕದ ಡಬ್ಲ್ಯೂಡಬ್ಲ್ಯೂವಿ ಮತ್ತು ಚೀನಾದ ಬಿಪಿಎಂ ಎರಡೂ ಅಲ್ಲಿವೆ. ಎಸ್‌ಎಸ್‌ಬಿಯಲ್ಲಿ ಅವುಗಳ ವಾಹಕದ ಶಿಳ್ಳೆ ಇಳಿಯುತ್ತಾ ಬಂದು ಅಡಗುವ ಬಿಂದು 10.0003 ಮೆಗಾಹರ್ಟ್ಸ್ ಎಂದು ತೋರಿಸಿದರೆ, ನಿಮ್ಮ ಅಂಕೆ 300 ಹರ್ಟ್ಸ್‌ನಷ್ಟು ಮುಂದಿದೆ ಎಂದರ್ಥ.

ಉತ್ತರ 3:
30 ಮೀಟರ್ ತಂತಿಯ ಸಲಹೆಯನ್ನು ನಾನು ಒಪ್ಪುವುದಿಲ್ಲ. ಇಂತಹ ಸಣ್ಣ ರಿಸೀವರುಗಳನ್ನು ಕಡ್ಡಿ ಆಂಟೆನಾಕ್ಕೆ ತಕ್ಕಂತೆ ರೂಪಿಸಿರುತ್ತಾರೆ. ಅಷ್ಟುದ್ದದ ತಂತಿ ಜೋಡಿಸಿದರೆ ಬಲಶಾಲಿ ಕೇಂದ್ರಗಳು ಉಕ್ಕಿ ಹರಿದು, ಇರಬಾರದ ಕಡೆಯಲ್ಲೆಲ್ಲ ಅವುಗಳ ನೆರಳು ಕೇಳತೊಡಗುತ್ತದೆ. 5ರಿಂದ 10 ಮೀಟರ್ ತಂತಿ ಸಾಕು, ಆದರೆ ಅದು ಗೋಡೆಯಿಂದಲೂ ವಿದ್ಯುತ್ ತಂತಿಗಳಿಂದಲೂ ದೂರವಿರಲಿ. ಗುಡುಗು ಕೇಳಿಸುವ ಮೊದಲೇ ಅದನ್ನು ಬಿಚ್ಚಿಡುವುದನ್ನು ಖಂಡಿತ ಮರೆಯಬೇಡಿ.

ಜೊತೆಗೆ ಒಂದು ದಿನಚರಿಯನ್ನು ಇಂದಿನಿಂದಲೇ ಆರಂಭಿಸಿ. ಯುಟಿಸಿ (ಜಾಗತಿಕ ಪ್ರಮಾಣ) ಸಮಯ, ಕಂಪನಾಂಕ, ಕೇಳಿದ ವಿಷಯ ಮತ್ತು ಗುಣಮಟ್ಟವನ್ನು ಬರೆದಿಟ್ಟರೆ, ಕೇಂದ್ರಕ್ಕೆ ವರದಿ ಕಳುಹಿಸಿ ಕ್ಯೂಎಸ್‌ಎಲ್ ಕಾರ್ಡ್ (ಪ್ರಸಾರ ಕೇಳಿದ್ದನ್ನು ದೃಢಪಡಿಸುವ ಕಾರ್ಡ್) ಕೇಳಬಹುದು. ಮಾರ್ಚ್ ಮತ್ತು ಅಕ್ಟೋಬರ್ ತಿಂಗಳ ಕೊನೆಯ ಭಾನುವಾರಗಳಂದು ಅಂತರರಾಷ್ಟ್ರೀಯ ಪ್ರಸಾರಗಳ ವೇಳಾಪಟ್ಟಿ ಬದಲಾಗುವುದರಿಂದ, ಹಳೆಯ ಪಟ್ಟಿಯನ್ನು ನಂಬಿ ಹುಡುಕಬೇಡಿ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಮನಃಪೂರ್ವಕ ವಂದನೆಗಳು. ಗದ್ದಲದ ಮೂಲ ಪಕ್ಕದ ಕೋಣೆಯ ಒಂದು ಅಡಾಪ್ಟರ್ ಎಂದು ಗೊತ್ತಾಯಿತು. ಅದನ್ನು ಕಿತ್ತು, ಎಲ್‌ಎಸ್‌ಬಿಗೆ ಹಾಕಿ ನಿಧಾನವಾಗಿ ತಿರುಗಿಸಿದಾಗ, ನಿನ್ನೆ ರಾತ್ರಿ ಇಬ್ಬರು ಪರಸ್ಪರ ಕರೆಸಂಕೇತಗಳನ್ನು (ಹ್ಯಾಮ್‌ಗಳ ಗುರುತಿನ ಅಕ್ಷರ-ಅಂಕಿಗಳನ್ನು) ಹೇಳಿ, ಸಂಕೇತದ ಸ್ಪಷ್ಟತೆಗೂ ಬಲಕ್ಕೂ "ಫೈವ್ ನೈನ್" ಎಂದು ಅಂಕ ಕೊಟ್ಟುಕೊಳ್ಳುವುದು ಸ್ಪಷ್ಟವಾಗಿ ಕೇಳಿಸಿತು. ಇನ್ನೊಂದು ಸಂದೇಹವಿದೆ: 14.074 ಮೆಗಾಹರ್ಟ್ಸ್‌ನಲ್ಲಿ ಹಲವು ಶಿಳ್ಳೆಗಳು ಒಟ್ಟಿಗೆ ಹಾಡಿ, ಒಟ್ಟಿಗೆ ನಿಂತು, ಮತ್ತೆ ಆರಂಭವಾಗುತ್ತವೆ. ಅದೇನು?

ಉತ್ತರ 2 ಬರೆದವರು:
ಅದು ಎಫ್‌ಟಿ8. ಭೌತವಿಜ್ಞಾನದ ನೊಬೆಲ್ ಪುರಸ್ಕೃತ ಜೋ ಟೇಲರ್ ಮತ್ತು ಸ್ಟೀವ್ ಫ್ರಾಂಕಿ 2017ರಲ್ಲಿ ಹೊರತಂದ ಡಿಜಿಟಲ್ ವಿಧಾನ. ಪ್ರತಿ ಸರದಿ 15 ಸೆಕೆಂಡಿನದು. ಎಲ್ಲರೂ ಗಡಿಯಾರವನ್ನು ನೋಡಿಕೊಂಡೇ ಕಳಿಸುವುದರಿಂದ ಒಟ್ಟಿಗೆ ಶುರುವಾಗಿ ಒಟ್ಟಿಗೆ ನಿಲ್ಲುತ್ತದೆ. ರಿಸೀವರನ್ನು ಯುಎಸ್‌ಬಿಯಲ್ಲಿಟ್ಟು, ಅದರ ಧ್ವನಿಯನ್ನು ಕಂಪ್ಯೂಟರಿಗೆ ಕೊಟ್ಟು, ಡಬ್ಲ್ಯೂಎಸ್‌ಜೆಟಿ-ಎಕ್ಸ್ ಎಂಬ ಉಚಿತ ತಂತ್ರಾಂಶವನ್ನು ತೆರೆಯಿರಿ. ಕಂಪ್ಯೂಟರಿನ ಗಡಿಯಾರ ಒಂದು ಸೆಕೆಂಡಿಗಿಂತ ಹೆಚ್ಚು ತಪ್ಪಿರಬಾರದು. ಕಿವಿಗೆ ಕೇಳಿಸದಷ್ಟು ಕ್ಷೀಣವಾದ ಸಂಕೇತಗಳೂ ಕರೆಸಂಕೇತ ಸಮೇತ ಪರದೆಯ ಮೇಲೆ ಸಾಲುಸಾಲಾಗಿ ಮೂಡುತ್ತವೆ.