ಮಾತು ಕೇಳಿಸುತ್ತದೆ, ಆದರೆ ಏನೆಂದು ತಿಳಿಯುವುದಿಲ್ಲ: ಕಿವಿ ಪರೀಕ್ಷೆ ಯಾವಾಗ?

ಪ್ರಶ್ನೆ
ತಂದೆಯವರಿಗೆ 67 ವರ್ಷ. ಎದುರು ಕೂತು ಮಾತಾಡಿದರೆ ಸಲೀಸಾಗಿ ಉತ್ತರಿಸುತ್ತಾರೆ. ನಾಲ್ಕು ಜನ ಸೇರಿದ ಕಡೆ ಮತ್ತು ಫೋನಿನಲ್ಲಿ ತಡವರಿಸುತ್ತಾರೆ. "ನನಗೆ ಕೇಳುತ್ತೆ, ನೀವೇ ಗೊಣಗ್ತೀರಿ" ಅನ್ನುತ್ತಾರೆ. ಗಟ್ಟಿಯಾಗಿ ಹೇಳಿದರೆ "ಯಾಕೆ ಕಿರುಚ್ತೀಯ" ಅಂತ ಸಿಟ್ಟು. ಇದು ವಯಸ್ಸಿನದೋ, ಗುಗ್ಗೆಯೋ? ಪರೀಕ್ಷೆಗೆ ಇನ್ನಷ್ಟು ದಿನ ಕಾಯಬಹುದೇ?

ಉತ್ತರ 1
ನೀವು ಬರೆದಿರುವುದೆಲ್ಲ ವಯಸ್ಸಿನಿಂದ ಬರುವ ನರಸಂಬಂಧಿ ಮಂದತೆಗೆ ಹೊಂದುತ್ತದೆ. ಇದರಲ್ಲಿ ಮೊದಲು ಹೋಗುವುದು ಹೆಚ್ಚು ಆವರ್ತನದ, ಅಂದರೆ ಕೀರಲು ಸದ್ದು. ಸ್ವರಗಳು ತಗ್ಗಿನ ಆವರ್ತನದವು, ಹಾಗಾಗಿ ಕೇಳುತ್ತಲೇ ಇರುತ್ತವೆ. ಸ, ಶ, ತ, ಕ ಇಂಥವು ಮಸುಕಾಗುತ್ತವೆ. "ಸಾಲು", "ಕಾಲು", "ಹಾಲು" ಮೂರೂ ಒಂದೇ ಥರ ಕೇಳಿಸಿದರೆ ಎದುರಿನವರು ಗೊಣಗುತ್ತಿದ್ದಾರೆ ಎಂದೇ ಅನಿಸುವುದು. ಅವರು ಸುಳ್ಳು ಹೇಳುತ್ತಿಲ್ಲ. ಎದುರು ಕೂತಾಗ ತುಟಿ ನೋಡಿ ಊಹಿಸುತ್ತಾರೆ, ಫೋನಿನಲ್ಲಿ ಆ ಆಸರೆ ಇಲ್ಲ.

ಸಿಟ್ಟಿಗೂ ಕಾರಣವಿದೆ. ಒಳಕಿವಿಯ ರೋಮಕೋಶಗಳು ಸತ್ತಾಗ ಮೆಲ್ಲನೆಯ ಸದ್ದು ಕೇಳಿಸದು, ಆದರೆ ಜೋರಾದದ್ದು ಮೊದಲಿನಷ್ಟೇ ಅಥವಾ ಹೆಚ್ಚೇ ಕಿರಿಕಿರಿ ಮಾಡುತ್ತದೆ. ಆ ಕೋಶಗಳು ಮತ್ತೆ ಬೆಳೆಯುವುದಿಲ್ಲ.

ಗುಗ್ಗೆಯಾದರೆ ಸಾಮಾನ್ಯವಾಗಿ ಕಿವಿ ಕಟ್ಟಿದಂತೆ ಇರುತ್ತದೆ, ಸ್ವಂತ ದನಿ ಒಳಗೇ ಮೊಳಗುತ್ತದೆ. ಎರಡೂ ಒಟ್ಟಿಗೆ ಇರಬಹುದು, ಅದಕ್ಕೇ ಮೊದಲು ಕಿವಿಯೊಳಗೆ ನೋಡಿಸಿ, ನಂತರ ಆಡಿಯೋಗ್ರಾಂ (ಯಾವ ಸದ್ದು ಎಷ್ಟು ಜೋರಿದ್ದರೆ ಕೇಳುತ್ತದೆ ಎಂದು ತೋರಿಸುವ ನಕ್ಷೆ). ಹತ್ತಿ ಸುತ್ತಿದ ಕಡ್ಡಿ ಬೇಡ, ಅದು ಗುಗ್ಗೆಯನ್ನು ಕಿವಿತಮಟೆಯ ಕಡೆಗೇ ತಳ್ಳುತ್ತದೆ. ಇದು ತುರ್ತಲ್ಲ, ಆದರೆ ವರ್ಷಗಟ್ಟಲೆ ಮುಂದೂಡುವಂಥದ್ದೂ ಅಲ್ಲ.

ಉತ್ತರ 2
ತುರ್ತು ಯಾವುದೆಂದು ಇಲ್ಲಿ ಓದುವವರಿಗೆಲ್ಲ ತಿಳಿದಿರಲಿ. ಒಂದು ಕಿವಿ ಹಠಾತ್ತಾಗಿ, ಅಂದರೆ ಬೆಳಗ್ಗೆ ಎದ್ದಾಗ ಅಥವಾ 72 ಗಂಟೆಯೊಳಗೆ, ಮಂದವಾದರೆ ಅದೇ ದಿನ ಇಎನ್‌ಟಿ ವೈದ್ಯರ ಬಳಿ ಹೋಗಿ. ನೆಗಡಿ ಇರಬಹುದು, ಗುಗ್ಗೆ ಇರಬಹುದು ಎಂದು ವಾರ ಕಳೆಯುವುದೇ ಇಲ್ಲಿ ಆಗುವ ದೊಡ್ಡ ತಪ್ಪು. ನರದ ಹಠಾತ್ ಮಂದತೆಗೆ ಕೊಡುವ ಸ್ಟೀರಾಯ್ಡ್ ಮೊದಲ ದಿನಗಳಲ್ಲಿ, ತಡವೆಂದರೆ 2 ವಾರದೊಳಗೆ ಶುರುವಾದರೆ ಫಲ ಸಿಗುವ ಸಾಧ್ಯತೆ ಹೆಚ್ಚು.

ಬಾಯಿ ಮುಚ್ಚಿ "ಮ್‌ಮ್" ಎಂದು ಗುನುಗಿ ನೋಡಿ. ಸದ್ದು ಮಂದವಾದ ಕಿವಿಯಲ್ಲಿ ಜೋರಾದರೆ ಗುಗ್ಗೆ ಅಥವಾ ನಡುಕಿವಿಯ ತಡೆ ಇರಬಹುದು. ಚೆನ್ನಾಗಿರುವ ಕಿವಿಯ ಕಡೆ ವಾಲಿದರೆ ನರದ ತೊಂದರೆಯ ಅನುಮಾನ. ಇದು ಸುಳಿವು ಮಾತ್ರ. ಫಲ ಏನೇ ಬಂದರೂ ವೈದ್ಯರಿಗೆ ತೋರಿಸಿ.

ಮಂದತೆಯ ಜೊತೆಗೆ ಮುಖ ಸೊಟ್ಟಗಾದರೆ, ಮಾತು ತೊದಲಿದರೆ, ತಲೆಗೆ ಪೆಟ್ಟು ಬಿದ್ದಿದ್ದರೆ ನೇರ ತುರ್ತು ವಿಭಾಗಕ್ಕೆ. ಒಂದೇ ಕಿವಿಯಲ್ಲಿ ಬಿಡದ ಮೊರೆತ, ನಾಡಿಯ ಬಡಿತದ ಜೊತೆ ಕೇಳುವ ಸದ್ದು, ಕೀವು, ಪದೇ ಪದೇ ತಲೆಸುತ್ತು ಇವನ್ನೂ ಬೇಗ ತೋರಿಸಬೇಕು. ಕಿವಿಗೆ ಹಾನಿ ಮಾಡಬಲ್ಲ ಜೆಂಟಾಮೈಸಿನ್ (ಆ್ಯಂಟಿಬಯೋಟಿಕ್) ಅಥವಾ ಸಿಸ್‌ಪ್ಲಾಟಿನ್ (ಕ್ಯಾನ್ಸರ್ ಔಷಧ) ನಡೆಯುತ್ತಿರುವಾಗ ಕಿವಿ ಮಂದವಾದರೆ ಮುಂದಿನ ಡೋಸ್‌ಗೆ ಮೊದಲೇ ವೈದ್ಯರಿಗೆ ಹೇಳಿ.

ಪ್ರಶ್ನೆ ಕೇಳಿದವರು
ಧನ್ಯವಾದ, ಈ ವಾರವೇ ಕರೆದೊಯ್ಯುತ್ತೇನೆ. ಆಡಿಯೋಗ್ರಾಂ ಕೈಗೆ ಬಂದರೆ ಏನು ನೋಡಬೇಕು?

ಉತ್ತರ 3
ಅಡ್ಡಸಾಲಿನಲ್ಲಿ 250ರಿಂದ 8000 ಹರ್ಟ್ಸ್ (ಸದ್ದಿನ ಆವರ್ತನ), ಮೇಲಿನಿಂದ ಕೆಳಕ್ಕೆ ಡೆಸಿಬಲ್ (ಸದ್ದಿನ ಜೋರು). ಕೆಂಪು ಸೊನ್ನೆ ಬಲಗಿವಿ, ನೀಲಿ ಗುಣಿಸು ಚಿಹ್ನೆ ಎಡಗಿವಿ. ಗೆರೆ ಕೆಳಗಿಳಿದಷ್ಟೂ ಮಂದತೆ ಹೆಚ್ಚು. 20 ಡೆಸಿಬಲ್‌ಗಿಂತ ಮೇಲಿದ್ದರೆ, ಅಂದರೆ ಅಂಕಿ ಅದಕ್ಕಿಂತ ಚಿಕ್ಕದಿದ್ದರೆ, ಸಹಜ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 20ರಿಂದ 34 ಅಲ್ಪ, 35ರಿಂದ 49 ಮಧ್ಯಮ. ವಯಸ್ಸಿನದಾದರೆ ಗೆರೆ ಬಲಕ್ಕೆ ಜಾರುಬಂಡೆಯಂತೆ ಇಳಿಯುತ್ತದೆ, ಎರಡೂ ಕಿವಿಯಲ್ಲಿ ಹೆಚ್ಚುಕಡಿಮೆ ಒಂದೇ ಥರ. ಗದ್ದಲದಿಂದಾದ ಹಾನಿಯಲ್ಲಿ ಸಾಮಾನ್ಯವಾಗಿ 4000 ಹರ್ಟ್ಸ್ ಹತ್ತಿರ ಹಳ್ಳ ಬಿದ್ದಿರುತ್ತದೆ. ಎರಡು ಕಿವಿಗೂ ಸ್ಪಷ್ಟ ವ್ಯತ್ಯಾಸವಿದ್ದರೆ ಯಾಕೆಂದು ಕೇಳಲೇಬೇಕು, ಎಂಆರ್‌ಐ ಬೇಕಾಗಬಹುದು.

ಪದ ಗುರುತಿಸುವ ಅಂಕವನ್ನೂ ಕೇಳಿ ಪಡೆಯಿರಿ. ನಿಮ್ಮ ತಂದೆಯವರ ದೂರು ಸದ್ದಿನದಲ್ಲ, ಸ್ಪಷ್ಟತೆಯದು. ಶ್ರವಣ ಸಾಧನದಿಂದ ಎಷ್ಟು ನಿರೀಕ್ಷಿಸಬಹುದೆಂದು ಅಂದಾಜಿಸಲು ಆ ಅಂಕ ಬೇಕು. ಸಾಧನ ಹಾಕಿದ ಮೊದಲ ವಾರಗಳಲ್ಲಿ ತಟ್ಟೆ, ಕಾಗದದ ಸದ್ದೂ ಚುಚ್ಚುತ್ತದೆ. ದಿನಕ್ಕೆ ಕೆಲವು ಗಂಟೆಯಿಂದ ಶುರುಮಾಡಿ ಏರಿಸುತ್ತ ಹೋಗಿ, ಹೊಂದಿಸಲು ಎರಡು ಮೂರು ಸಲ ಆಡಿಯಾಲಜಿಸ್ಟ್ (ಶ್ರವಣ ತಜ್ಞರು) ಬಳಿ ಹೋಗಬೇಕಾಗುತ್ತದೆ. ಡ್ರಾಯರಿಗೆ ಸೇರುವ ಸಾಧನಗಳು ಬಹುಪಾಲು ಈ ಹಂತದಲ್ಲೇ ಸೇರುವುದು.

ಅಲ್ಲಿಯವರೆಗೆ ಮೊದಲು ಕರೆದು, ಮುಖ ಕಾಣುವಂತೆ ನಿಂತು, ಕೂಗದೆ ನಿಧಾನವಾಗಿ ಹೇಳಿ. ತಿಳಿಯದಿದ್ದರೆ ಅದೇ ಪದವನ್ನು ಮತ್ತೆ ಒತ್ತಿ ಹೇಳುವ ಬದಲು ಬೇರೆ ಪದ ಬಳಸಿ ನೋಡಿ.